ಚೀಟಿ ಹೊತ್ತವನೇ ಬೇಹುಗಾರ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಾ ಇರೋರಿಗೂ, ರಾತ್ರಿ ಹೊಗೆಸೊಪ್ಪಿನ ಬ್ಯಾರನ್ ಹತ್ರ ಬೆಂಕಿ ನೋಡ್ಕೊಳ್ತಾ ಕೇಳ್ತಾ ಇರೋರಿಗೂ ನಮಸ್ಕಾರ. ಇವತ್ತಿನ ಕಂತು ಗೂಢಚಾರರ ಬಗ್ಗೆ. ಆದ್ರೆ ಶುರು ಮಾಡೋದು ನನ್ನದೇ ಒಂದು ತಪ್ಪೊಪ್ಪಿಗೆಯಿಂದ.

ನನಗಾಗ ಎಂಟೋ ಒಂಬತ್ತೋ ವರ್ಷ. ಬೇಸಿಗೆ ರಜ ಬಂದ್ರೆ ಹುಣಸೂರಿನ ಅಜ್ಜಿ ಮನೆ. ಅಲ್ಲಿ ನಮ್ಮ ಚಿಕ್ಕಮ್ಮ ಇದ್ರು, ಇನ್ನೂ ಮದುವೆ ಆಗಿರಲಿಲ್ಲ. ಮನೇಲಿ ಫೋನ್ ಇಲ್ಲ. ಬೀದಿ ಕೊನೇಲಿ ಒಂದು ಎಸ್‌ಟಿಡಿ ಬೂತ್ ಇತ್ತು, ಅದರಲ್ಲಿ ಕೂರ್ತಿದ್ದ ಹುಡುಗನಿಗೆ ಚಿಕ್ಕಮ್ಮ ಚೀಟಿ ಬರೀತಿದ್ರು. ಸಾಗಿಸ್ತಿದ್ದಿದ್ದು ನಾನು. ಬಚ್ಚಿಡೋ ಜಾಗ ಯಾವುದು ಗೊತ್ತಾ? ನನ್ನ ಗಣಿತದ ಪುಸ್ತಕಕ್ಕೆ ಹಾಕಿದ್ದ ಬ್ರೌನ್ ಪೇಪರ್ ಬೈಂಡಿನ ಒಳಗೆ. ಮೂರನೇ ಕ್ಲಾಸಿನ ಗಣಿತದ ಪುಸ್ತಕದ ಬೈಂಡ್ ಬಿಚ್ಚಿ ನೋಡೋರು ಪ್ರಪಂಚದಲ್ಲಿ ಯಾರಿದ್ದಾರೆ? ಅಷ್ಟು ಭದ್ರ.

ಆದ್ರೆ ಒಂದಿನ ಅಜ್ಜಿ ಕೈಯಲ್ಲಿ ಕೊಬ್ಬರಿ ಮಿಠಾಯಿ ಹಿಡ್ಕೊಂಡು, ‘ಏನಪ್ಪಾ, ರಜದಲ್ಲೂ ಲೆಕ್ಕದ ಪುಸ್ತಕ ತಗೊಂಡು ಎಲ್ಲಿಗೆ ಹೋಗ್ತೀಯ?’ ಅಂತ ಕೇಳಿದ್ರು. ನಾನು ಹೇಳಿಬಿಟ್ಟೆ. ಮಿಠಾಯಿ ತಿಂದೆ. ನಾಲ್ಕು ತಿಂಗಳಲ್ಲಿ ಚಿಕ್ಕಮ್ಮನ ಮದುವೆ ಆಗಿ, ಪಿರಿಯಾಪಟ್ಟಣದ ಕಡೆ ಹೋದ್ರು. ಅಜ್ಜಿಗೆ ಹೇಗೆ ಗೊತ್ತಾಯ್ತು ಅಂತ ಅವರಿಗೆ ಇವತ್ತಿನವರೆಗೂ ಗೊತ್ತಿಲ್ಲ. ಆದ್ರೆ ಅವರು ನನ್ನ ಎಲ್ಲಾ ಕಂತೂ ಕೇಳ್ತಾರೆ. ಸೋ, ಈಗ ಗೊತ್ತಾಯ್ತು.

ಇದನ್ನ ಯಾಕೆ ಹೇಳಿದೆ ಅಂದ್ರೆ, ರಹಸ್ಯ ಸಂದೇಶಗಳ ಕಥೆ ಓದೋವಾಗ ನಮಗೆಲ್ಲ ಬಚ್ಚಿಟ್ಟ ಜಾಗದ ಬಗ್ಗೆನೇ ಕುತೂಹಲ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಕಥೆ ಹೇಳ್ತಾನೆ. ಒಬ್ಬ ಆಳಿನ ತಲೆ ಬೋಳಿಸಿ, ಬುರುಡೆ ಮೇಲೆ ಹಚ್ಚೆ ಹಾಕಿ ಸಂದೇಶ ಬರೆದು, ಕೂದಲು ಬೆಳೆಯೋವರೆಗೆ ಕಾದು, ಆಮೇಲೆ ಕಳಿಸಿದ್ರಂತೆ. ತಲುಪಿದ ಕಡೆ ಮತ್ತೆ ತಲೆ ಬೋಳಿಸಿ ಓದ್ಕೊಂಡ್ರು. ತುಂಬಾ ಅರ್ಜೆಂಟ್ ವಿಷಯ ಆಗಿರಲಿಲ್ಲ ಅನ್ಸುತ್ತೆ! ನಮ್ಮವರೂ ಕಮ್ಮಿ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸನ್ಯಾಸಿ ವೇಷದ, ವ್ಯಾಪಾರಿ ವೇಷದ ಗೂಢಚಾರರು, ಅವರ ಸಂಕೇತ ಲಿಪಿ ಎಲ್ಲಾ ಬರುತ್ತೆ. 1860ರ ದಶಕದಲ್ಲಿ ಬ್ರಿಟಿಷರ ಪರವಾಗಿ ಟಿಬೆಟ್ಟನ್ನು ಗುಟ್ಟಾಗಿ ಅಳೆದ ನೈನ್ ಸಿಂಗ್, ಯಾತ್ರಿಕನ ವೇಷದಲ್ಲಿ ಹೋದ. ಬೌದ್ಧರ ಪ್ರಾರ್ಥನಾ ಚಕ್ರದ ಒಳಗೆ ಮಂತ್ರದ ಬದಲು ತನ್ನ ಟಿಪ್ಪಣಿ ಇಟ್ಕೊಂಡ. 108 ಮಣಿ ಇರಬೇಕಾದ ಜಪಮಾಲೆಯಲ್ಲಿ 100 ಮಣಿ. ಹೆಜ್ಜೆ ಎಣಿಸೋಕೆ ಅದು ಸುಲಭ.

ಬಚ್ಚಿಡೋ ಜಾಣತನಕ್ಕೆ ಮಿತಿನೇ ಇಲ್ಲ. ಆದ್ರೆ ಅದನ್ನ ಹೊತ್ತು ನಡೆಯೋನು ಒಬ್ಬ ಇರ್ತಾನಲ್ಲ? ಅವನಿಗೆ ಕೊಬ್ಬರಿ ಮಿಠಾಯಿ ತೋರಿಸಿದ್ರೆ? ಸ್ಕಾಟ್ಲೆಂಡಿನ ರಾಣಿ ಮೇರಿಗೆ ಆಗಿದ್ದು ಅದೇ. 1586ರಲ್ಲಿ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ ಆಕೆ, ಬಿಯರ್ ಪೀಪಾಯಿ ಒಳಗೆ ಕಾಗದ ಇಟ್ಟು ಹೊರಗೆ ಕಳಿಸ್ತಿದ್ದಳು. ಸಂಕೇತ ಭಾಷೆ ಬೇರೆ. ಆದ್ರೆ ಆ ದಾರಿಯನ್ನ ಆಕೆಗೆ ತೋರಿಸಿಕೊಟ್ಟಿದ್ದೇ ಶತ್ರು ಕಡೆಯವರು, ಪೀಪಾಯಿ ತರೋನೂ ಅವರವನೇ. ಪ್ರತಿ ಕಾಗದವೂ ಮೊದಲು ಅವರ ಕೈಗೆ ಹೋಗಿ, ಆಮೇಲೆ ಮುಂದಕ್ಕೆ. ಮರುವರ್ಷ ಆಕೆಯ ತಲೆ ಹೋಯ್ತು.

ಈಗ ನಮ್ಮೂರಿಗೆ ಬರೋಣ. ಯಾಕಂದ್ರೆ ಈ ಕೆಲಸವನ್ನ ಒಂದು ಸರ್ಕಾರಿ ಇಲಾಖೆನೇ ಮಾಡಿ ನಡೆಸಿದ್ದು ನಮ್ಮ ಮೈಸೂರು.

‘ಅಂಚೆ’ ಅನ್ನೋ ಪದ ನೀವು ದಿನಾ ಕೇಳ್ತೀರಿ. ಅಂಚೆ ಕಚೇರಿ, ಅಂಚೆ ಚೀಟಿ. ಮೈಸೂರಿನಲ್ಲಿ ಈ ಅಂಚೆ ವ್ಯವಸ್ಥೆ ಕಟ್ಟಿದ್ದು ಚಿಕ್ಕದೇವರಾಜ ಒಡೆಯರ್, 17ನೇ ಶತಮಾನದ ಕೊನೆಯ ಭಾಗದಲ್ಲಿ. ರಾಜ್ಯದ ತುಂಬ ಠಾಣೆಗಳು, ಠಾಣೆಯಿಂದ ಠಾಣೆಗೆ ಕಾಗದ ಹೊತ್ತು ಓಡೋ ಹರಿಕಾರರು. ಇಷ್ಟೇ ಆಗಿದ್ರೆ ಇದು ಬರೀ ಪೋಸ್ಟಾಫೀಸಿನ ಕಥೆ. ಆದ್ರೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ, ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಏನು ದಾಖಲಿಸಿದ್ದಾನೆ ಅಂದ್ರೆ, ಈ ಅಂಚೆ ಕಾಗದ ಸಾಗಿಸೋಕೆ ಮಾತ್ರ ಇರಲಿಲ್ಲ, ಸುದ್ದಿ ಕೂಡಿಸೋಕೂ ಇತ್ತು. ಒಂದೊಂದು ಠಾಣೆಯ ಅಂಚೆ ಅಧಿಕಾರಿಯೂ ಆಸ್ಥಾನದ ಗುಪ್ತ ಪ್ರತಿನಿಧಿ. ಅವನ ಕೈಕೆಳಗಿನವರು ಬೇಹುಗಾರರು. ತಮ್ಮ ಸೀಮೆಯಲ್ಲಿ ಯಾರು ಯಾರ ಜೊತೆ ಏನು ಮಾತಾಡಿದ್ರು ಅಂತ ಕ್ರಮವಾಗಿ ವರದಿ ಹೋಗೋದು. ಹೈದರಾಲಿ ಕಾಲಕ್ಕೆ ಇದು ಇನ್ನೂ ಬಿಗಿಯಾಯ್ತು.

ಯೋಚನೆ ಮಾಡಿ. ಯಡತೊರೆ, ಅಂದ್ರೆ ಈಗಿನ ಕೆ.ಆರ್. ನಗರದ ಒಬ್ಬ ಗೌಡ ಆಸ್ಥಾನದ ವಿರುದ್ಧ ಯಾರಿಗೋ ಒಂದು ಕಾಗದ ಬರೀಬೇಕು. ಹೆಗ್ಗಡದೇವನಕೋಟೆ ಕಾಡಿನ ದಾರಿಯಲ್ಲಿ ವಯನಾಡಿಗೆ ಒಬ್ಬ ಒಂದು ಮಾತು ಕಳಿಸಬೇಕು. ದಾರಿ ಬದಿ ಅರಳಿಕಟ್ಟೆ ಮೇಲೆ ದಣಿವಾರಿಸ್ಕೊಳ್ತಾ ಕೂತು ‘ಎಲ್ಲಿಗೆ ಹೊರಟ್ರಿ, ಊರಲ್ಲಿ ಎಲ್ಲಾ ಸೌಖ್ಯನಾ?’ ಅಂತ ಕೇಳೋ ಅಂಚೆಯವನು ಆ ಸಂಜೆಗೇ ಅದನ್ನ ಬರೆಸ್ತಾನೆ. ಕಾಗದ ಒಡೆದು ಓದಬೇಕಾಗಿಲ್ಲ. ಯಾರು, ಯಾವ ಕಡೆಗೆ, ಎಷ್ಟು ಹೊತ್ತಿಗೆ ಹೋದ ಅನ್ನೋದೇ ಸಾಕು. ನಮ್ಮ ಫೋನಿನ ಕಥೆನೂ ಇದೇ ತಾನೇ? ಮೆಸೇಜ್ ಒಳಗಿರೋದಕ್ಕೆ ಬೀಗ ಇರುತ್ತೆ. ಯಾರು ಯಾರಿಗೆ ಎಷ್ಟೊತ್ತಿಗೆ ಕಳಿಸಿದ್ರು ಅನ್ನೋದಕ್ಕೆ ಬೀಗ ಇರಲ್ಲ.

ಇಂಥ ರಾಜ್ಯದಲ್ಲಿ ಒಬ್ಬ ಹೆಂಗಸು ಬ್ರಿಟಿಷರ ಜೊತೆ ಒಪ್ಪಂದ ಮಾಡ್ಕೊಂಡ್ರು. ರಾಣಿ ಲಕ್ಷ್ಮಮ್ಮಣ್ಣಿ. ಶ್ರೀರಂಗಪಟ್ಟಣದ ಅರಮನೆಯೊಳಗೆ, ಹೈದರನ ಕಾವಲಿನಲ್ಲಿ ಇದ್ದೋರು. ಅವರ ಪರವಾಗಿ ಪ್ರಧಾನ ತಿರುಮಲರಾವ್ 1782ರ ಅಕ್ಟೋಬರ್‌ನಲ್ಲಿ ತಂಜಾವೂರಿನಲ್ಲಿ ಕಂಪನಿಯ ಪ್ರತಿನಿಧಿ ಜಾನ್ ಸಲಿವನ್ ಜೊತೆ ಒಪ್ಪಂದಕ್ಕೆ ರುಜು ಹಾಕಿದ. ಒಡೆಯರ ಮನೆತನಕ್ಕೆ ರಾಜ್ಯ ವಾಪಸ್ ಬರಬೇಕು ಅನ್ನೋದು ಅದರ ತಿರುಳು. ಅರಮನೆಯ ಒಳಗಿಂದ ತಂಜಾವೂರಿನವರೆಗೆ, ಅಷ್ಟೂ ಅಂಚೆ ಠಾಣೆಗಳ ಕಣ್ಣು ತಪ್ಪಿಸಿ ಒಂದು ರಾಜಕೀಯವನ್ನೇ ಸಾಗಿಸೋದು ಅಂದ್ರೆ ಸಾಮಾನ್ಯ ಅಲ್ಲ. ಇದರ ಬಗ್ಗೆ ಒಂದು ಸಿನಿಮಾ ಯಾಕೆ ಬಂದಿಲ್ಲವೋ ಕಾಣೆ.

ಅದೇ ಡಿಸೆಂಬರ್‌ನಲ್ಲಿ ಚಿತ್ತೂರು ಹತ್ರದ ಪಾಳೆಯದಲ್ಲಿ ಹೈದರಾಲಿ ತೀರಿಕೊಂಡ. ಮಗ ಟಿಪ್ಪು ಮಲಬಾರ್ ಕಡೆ ಯುದ್ಧದಲ್ಲಿದ್ದಾನೆ. ಸುದ್ದಿ ಹೊರಗೆ ಬಿದ್ರೆ ಸೈನ್ಯ ಚದುರುತ್ತೆ, ಶತ್ರು ನುಗ್ತಾನೆ. ಪೂರ್ಣಯ್ಯ ಮತ್ತು ಕೃಷ್ಣರಾವ್ ಸೇರಿ ಮಾಡಿದ್ದು ನೋಡಿ: ಹೆಣವನ್ನ ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳೋ ಖಜಾನೆ ಸಾಗಿಸೋ ಹಾಗೆ ಕಾವಲಿನ ಜೊತೆ ಕೋಲಾರದ ಕಡೆ ಕಳಿಸಿದ್ರು. ಪಾಳೆಯದಲ್ಲಿ ಎಂದಿನಂತೆ ಕೆಲಸ. ಅತ್ತ ಟಿಪ್ಪುವಿಗೆ ನಾಲ್ಕೇ ದಿನದಲ್ಲಿ ಸುದ್ದಿ ತಲುಪಿತು. ಅಷ್ಟು ದೂರ, ಘಟ್ಟ ಇಳಿದು, ನಾಲ್ಕು ದಿನ. ಅಂಚೆ ಅಂದ್ರೆ ಅದು!

ಆದ್ರೆ ಅದೇ ಅಂಚೆಯ ಮುಖ್ಯಸ್ಥನೇ ಕೈಕೊಟ್ರೆ? 1783ರಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದಾಗ, ಶ್ರೀರಂಗಪಟ್ಟಣದಲ್ಲಿ ಒಂದು ಪಿತೂರಿ ಬಯಲಾಯ್ತು. ಸೆರೆಯಲ್ಲಿದ್ದ ಇಂಗ್ಲಿಷರನ್ನ ಬಿಡಿಸಿ, ಕೋಟೆ ಹಿಡಿದು, ಒಡೆಯರನ್ನ ಮತ್ತೆ ಗದ್ದುಗೆಗೆ ಕೂರಿಸೋ ಯೋಚನೆ. ಅದರಲ್ಲಿ ಕೇಳಿಬಂದ ದೊಡ್ಡ ಹೆಸರು ಯಾರದು? ಅಂಚೆ ಶಾಮಯ್ಯ. ಹೆಸರಲ್ಲೇ ಇದೆ ನೋಡಿ. ಇಡೀ ರಾಜ್ಯದ ಗುಟ್ಟು ಯಾರ ಕಿವಿಗೆ ಬಂದು ಬೀಳ್ತಿತ್ತೋ ಅವನೇ. ಪಿತೂರಿಯ ಇನ್ನೊಬ್ಬ ಮುಂದಾಳು ನರಸಿಂಗರಾವ್‌ನನ್ನ ಕೊಂದರು. ಶಾಮಯ್ಯನಿಗೆ ಕಬ್ಬಿಣದ ಪಂಜರ.

ಆ ಇಂಗ್ಲಿಷ್ ಸೆರೆಯಾಳುಗಳ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಶ್ರೀರಂಗಪಟ್ಟಣದಲ್ಲಿ ಬೇರೆ ಬೇರೆ ಕಡೆ ಕೂಡಿಹಾಕಿದ್ದ ಅವರು ಆಳುಗಳ ಕೈಲಿ ಗುಟ್ಟಾಗಿ ಚೀಟಿ ಸಾಗಿಸ್ತಿದ್ರು. ಕ್ರಾಮ್‌ವೆಲ್ ಮ್ಯಾಸಿ ಅನ್ನೋ ಅಧಿಕಾರಿ ಬಚ್ಚಿಡೋಕೆ ಆಗೋ ಹಾಗೆ ಪುಟ್ಟದೊಂದು ಪುಸ್ತಕದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ದಿನಚರಿ ಬರೆದ. ಸಿಕ್ಕಿಬಿದ್ದಿದ್ರೆ ಏನಾಗ್ತಿತ್ತು ಅಂತ ಅವನಿಗೆ ಗೊತ್ತಿತ್ತು. ಆದರೂ ಬರೆದ. ಅದು ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1784ರ ಮಂಗಳೂರು ಒಪ್ಪಂದ ಆದಮೇಲೆ ಸೆರೆಯಾಳುಗಳ ಬಿಡುಗಡೆ ಆಯ್ತು.

ಈಗ ಪಿರಿಯಾಪಟ್ಟಣ. ನನಗೆ ಈ ಕಂತು ಮಾಡ್ಬೇಕು ಅನ್ಸಿದ್ದೇ ಈ ಊರಿನಿಂದ. ಮೈಸೂರಿಂದ ಮಡಿಕೇರಿಗೆ ಹೋಗೋರು ಇಲ್ಲಿ ಕಾಫಿಗೆ ನಿಲ್ಲಿಸಿ ಮುಂದೆ ಹೋಗಿಬಿಡ್ತಾರೆ. ಆದ್ರೆ 18ನೇ ಶತಮಾನದ ಕೊನೇಲಿ ಈ ಊರು ಗುಪ್ತ ಸುದ್ದಿಗಳ ಜಂಕ್ಷನ್. ಕೊಡಗಿನ ರಾಜಕುಮಾರ ವೀರರಾಜೇಂದ್ರನನ್ನ ಮನೆಯವರ ಸಮೇತ ಸೆರೆ ಇಟ್ಟಿದ್ದು ಇಲ್ಲೇ. 1788ರಲ್ಲಿ ಅವನು ಇಲ್ಲಿಂದ ತಪ್ಪಿಸ್ಕೊಂಡ. ಹೆಂಡತಿ, ತಮ್ಮಂದಿರ ಜೊತೆ. ಒಬ್ಬ ಓಡಿಹೋಗೋದು ಬೇರೆ, ಸಂಸಾರ ಕಟ್ಕೊಂಡು ಓಡಿಹೋಗೋದು ಬೇರೆ. ಹೊರಗಿನವರಿಗೂ ಒಳಗಿನವರಿಗೂ ಮಾತು ಆಗದೆ ಅದು ಸಾಧ್ಯನೇ ಇಲ್ಲ. ಎರಡೇ ವರ್ಷದಲ್ಲಿ, 1790ರಲ್ಲಿ, ಅವನು ತಲಶ್ಶೇರಿಯ ಕಂಪನಿಯವರ ಜೊತೆ ಒಪ್ಪಂದ ಮಾಡ್ಕೊಂಡ. ಮುಂಬೈ ಸೈನ್ಯಕ್ಕೆ ಕೊಡಗಿನ ದಾರಿ ಬಿಟ್ಟುಕೊಟ್ಟ. ಆ ದಾರಿ ಘಟ್ಟ ಹತ್ತಿ ಬಂದು ಮುಟ್ಟೋದು ಪಿರಿಯಾಪಟ್ಟಣಕ್ಕೆ.

1791ರ ಮೇ ತಿಂಗಳು. ಆ ಮುಂಬೈ ಸೈನ್ಯದ ಜನರಲ್ ಅಬರ್‌ಕ್ರಾಂಬಿ ಪಿರಿಯಾಪಟ್ಟಣದಲ್ಲಿ ಕಾಯ್ತಾ ಇದ್ದಾನೆ. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಇನ್ನೊಂದು ಸೈನ್ಯದ ಜೊತೆ ಕನ್ನಂಬಾಡಿಗೆ ಬಂದಿದ್ದಾನೆ. ಅದೇ, ಈಗ ಕೆಆರ್‌ಎಸ್ ಅಣೆಕಟ್ಟು ಇರೋ ಜಾಗ. ಇಬ್ಬರ ನಡುವೆ ಐವತ್ತು ಕಿಲೋಮೀಟರ್ ಆಸುಪಾಸು. ಮಳೆ ಹಿಡ್ಕೊಂಡಿದೆ, ಎತ್ತುಗಳು ಸಾಯ್ತಾ ಇವೆ, ಸೈನಿಕರಿಗೆ ಅಕ್ಕಿ ಇಲ್ಲ. ಉತ್ತರದಿಂದ ಸಹಾಯಕ್ಕೆ ಬರಬೇಕಾದ ಮರಾಠಾ ಸೈನ್ಯದ ಸುಳಿವೇ ಇಲ್ಲ. ಕಾರ್ನ್‌ವಾಲಿಸ್ ಕೈಚೆಲ್ಲಿದ. ಅಬರ್‌ಕ್ರಾಂಬಿಗೆ ‘ವಾಪಸ್ ಹೋಗು’ ಅಂತ ಹೇಳಿಕಳಿಸಿ, ಎಳೆಯೋಕೆ ಎತ್ತಿಲ್ಲದೆ ತನ್ನ ಮುತ್ತಿಗೆ ತೋಪುಗಳನ್ನ ತಾನೇ ಒಡೆದು ಹಾಕಿಸಿದ.

ಮೇ 26. ಸೈನ್ಯ ಬೆಂಗಳೂರಿನ ಕಡೆ ತಿರುಗಿ ಹೊರಟಿದೆ. ದೂರದಲ್ಲಿ ಕುದುರೆ ದಂಡು ಕಾಣಿಸ್ತು. ಟಿಪ್ಪುವಿನ ಕುದುರೆ ಅಂದ್ಕೊಂಡು ಇವರು ಗುಂಡು ಹಾರಿಸೋಕೂ ಶುರು ಮಾಡಿದ್ರು. ಆಗ ಒಬ್ಬ ಸವಾರ ಹತ್ರ ಬಂದು ಕೂಗಿ ಹೇಳಿದ: ನಾವು ಮರಾಠರು!

ಹೌದು, ಪರಶುರಾಮ ಭಾವು, ಹರಿಪಂತ್ ಫಡ್ಕೆ ಅವರ ಸೈನ್ಯ. ಅವರು ‘ಬರ್ತಾ ಇದ್ದೀವಿ’ ಅಂತ ಮೇಲಿಂದ ಮೇಲೆ ಕಾಗದ ಕಳಿಸಿದ್ರು. ಒಂದೂ ತಲುಪಿಲ್ಲ. ಟಿಪ್ಪುವಿನ ಕುದುರೆ ಸವಾರರು ಅಷ್ಟೂ ಜನ ದೂತರನ್ನ ದಾರಿಯಲ್ಲೇ ಹಿಡಿದುಬಿಟ್ಟಿದ್ರು. ನಾಲ್ಕು ದಿನ ಮುಂಚೆ ಒಂದೇ ಒಂದು ಚೀಟಿ ಯಾರದಾದರೂ ಚಪ್ಪಲಿ ಅಟ್ಟೆಯಲ್ಲೋ ರುಮಾಲಿನಲ್ಲೋ ನುಸುಳಿ ಬಂದಿದ್ರೆ ತೋಪು ಒಡೀತಿರಲಿಲ್ಲ, ಅಬರ್‌ಕ್ರಾಂಬಿ ಪಿರಿಯಾಪಟ್ಟಣ ಬಿಟ್ಟು ಘಟ್ಟ ಇಳೀತಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಎಂಟೊಂಬತ್ತು ತಿಂಗಳು ಜೀವ ಕೊಟ್ಟಿದ್ದು ಹೆಸರೇ ಇಲ್ಲದ ಒಂದಷ್ಟು ಸವಾರರು, ಸಿಕ್ಕಿಬಿದ್ದ ಹೆಸರೇ ಇಲ್ಲದ ಒಂದಷ್ಟು ದೂತರು.

ಈ ದೂತರ ಕಡೆ ಯಾರೂ ಹೆಚ್ಚು ನೋಡಲ್ಲ. 1857ರಲ್ಲಿ ಲಕ್ನೋ ಮುತ್ತಿಗೆಯಲ್ಲಿ ಸಿಕ್ಕಿಕೊಂಡ ಬ್ರಿಟಿಷರು ಸಣ್ಣ ಕಾಗದದಲ್ಲಿ ಗ್ರೀಕ್ ಅಕ್ಷರ ಬಳಸಿ ಬರೆದು, ಸುರುಳಿ ಸುತ್ತಿ, ಹಕ್ಕಿ ಗರಿಯ ಕೊಳವೆಯೊಳಗೆ ತುರುಕಿ ಕಳಿಸ್ತಿದ್ರು. ಆ ಗರಿಯ ಕಥೆ ಎಲ್ಲಾ ಪುಸ್ತಕದಲ್ಲೂ ಇದೆ. ಅದನ್ನ ಮೈಯಲ್ಲಿ ಬಚ್ಚಿಟ್ಕೊಂಡು ಕಾವಲು ದಾಟಿ ಹೋಗಿಬಂದ ಅಂಗದ್ ಅನ್ನೋನಿಗೆ ಒಂದು ಸಾಲು. ಗ್ರೀಕ್ ಲಿಪಿ ಕಾಗದವನ್ನ ಕಾಪಾಡುತ್ತೆ, ಸಿಕ್ಕಿಬಿದ್ದವನನ್ನ ಕಾಪಾಡಲ್ಲ.

ಇನ್ನೊಂದು ಘಟನೆ ಹೇಳ್ಲೇಬೇಕು, ಇದು ನಗು ಬರೋದು, ಹೊಟ್ಟೆ ಉರಿಯೋದು ಎರಡೂ. 1798ರ ಜನವರಿ. ಫ್ರೆಂಚರ ಸಹಾಯ ಕೇಳೋಕೆ ಟಿಪ್ಪು ಮಂಗಳೂರಿಂದ ಹಡಗು ಹತ್ತಿಸಿ ಕಳಿಸಿದ್ದ ಇಬ್ಬರು ರಾಯಭಾರಿಗಳು ಮಾರಿಷಸ್ ತಲುಪ್ತಾರೆ. ವ್ಯಾಪಾರಿಗಳ ವೇಷ. ಯಾರಿಗೂ ತಿಳೀಬಾರದು ಅಂತ ಕಟ್ಟಪ್ಪಣೆ. ಸಮುದ್ರ ದಾಟೋವರೆಗೂ ಗುಟ್ಟು ಗುಟ್ಟಾಗೇ ಇತ್ತು. ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಏನು ಮಾಡಿದ? ಟಿಪ್ಪು ಸುಲ್ತಾನನಿಗೆ ಸೈನಿಕರು ಬೇಕಂತೆ, ಇಂಗ್ಲಿಷರ ಮೇಲೆ ಯುದ್ಧವಂತೆ, ಬರೋರು ಬನ್ನಿ ಅಂತ ಪ್ರಿಂಟ್ ಹಾಕಿಸಿ ಪ್ರಕಟಣೆ ಹೊರಡಿಸಿದ! ಗುಟ್ಟಾಗಿ ಕಳಿಸಿದ ಮೆಸೇಜನ್ನ ಸ್ಟೇಟಸ್ ಹಾಕಿದ ಹಾಗೆ. ಜೂನ್ ಹೊತ್ತಿಗೆ ಅದು ಕಲ್ಕತ್ತದ ಪತ್ರಿಕೆಯಲ್ಲಿ ಬಂತು, ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪ ಸಿಕ್ತು. ಟಿಪ್ಪುವಿಗೆ ಸಿಕ್ಕಿದ್ದು ನೂರರ ಆಸುಪಾಸು ಜನ. ಮರುವರ್ಷ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಕಾಗದ ಬರೆದ. ಅದೂ ದಾರಿಯಲ್ಲೇ ಬ್ರಿಟಿಷರ ಕೈಗೆ ಬಿತ್ತು.

ಯುದ್ಧ ಮತ್ತೆ ಪಿರಿಯಾಪಟ್ಟಣಕ್ಕೇ ಬಂತು. 1799ರ ಮಾರ್ಚ್. ಮುಂಬೈ ಸೈನ್ಯ ಕೊಡಗಿನ ಅಂಚಿಗೆ ಬಂದು ಸಿದ್ದೇಶ್ವರ ಬೆಟ್ಟದ ಹತ್ರ ಮೂರು ಸಿಪಾಯಿ ಪಟಾಲಮ್ ಮುಂದಿಟ್ಟಿತ್ತು. ಉಳಿದ ಸೈನ್ಯ ಹಿಂದೆ ಕಾಡಿನಲ್ಲಿ. ಬೆಟ್ಟದ ಮೇಲಿಂದ ಮೈಸೂರು ಸೀಮೆ ತುಂಬಾ ದೂರದವರೆಗೆ ಕಾಣುತ್ತೆ. ಮಾರ್ಚ್ 5ರ ಬೆಳಿಗ್ಗೆ ನೋಡ್ತಾರೆ, ಪಿರಿಯಾಪಟ್ಟಣದ ಮುಂದೆ ಡೇರೆಗಳು ಏಳ್ತಾ ಇವೆ. ಒಂದಲ್ಲ ಎರಡಲ್ಲ. ನಡುವೆ ಒಂದು ಹಸಿರು ಡೇರೆ.

ಹಸಿರು ಡೇರೆ ಅಂದ್ರೆ ಸುಲ್ತಾನನೇ ಬಂದಿದ್ದಾನೆ ಅಂತ ಅನುಮಾನ ಹುಟ್ಟಿತು. ಆದ್ರೆ ಜನರಲ್ ಸ್ಟುವರ್ಟ್ ಹತ್ರ ಆಗಷ್ಟೇ ಶ್ರೀರಂಗಪಟ್ಟಣದಿಂದ ಬಂದಿದ್ದ ಇಬ್ಬರು ಹರಿಕಾರರು ಇದ್ರು. ಅವರು ಹೇಳಿದ್ರು: ಇಲ್ಲ, ಟಿಪ್ಪು ತನ್ನ ಸೈನ್ಯದ ಜೊತೆ ಮದ್ರಾಸ್ ಸೈನ್ಯವನ್ನ ಎದುರಿಸೋಕೆ ಆ ಕಡೆ ಹೋಗಿದ್ದಾನೆ. ಅವರು ಸುಳ್ಳು ಹೇಳಿರಲಿಲ್ಲ. ಟಿಪ್ಪು ನಿಜವಾಗಲೂ ಪೂರ್ವಕ್ಕೇ ಹೊರಟಿದ್ದ, ಮದ್ದೂರು ಕಡೆವರೆಗೆ ಹೋಗಿದ್ದ. ಆಮೇಲೆ ಸರ್ರನೆ ತಿರುಗಿ, ಇವರ ಹಿಂದೆನೇ ಪಶ್ಚಿಮಕ್ಕೆ ಬಂದುಬಿಟ್ಟಿದ್ದ. ಹರಿಕಾರರು ಜೀವ ಪಣಕ್ಕಿಟ್ಟು ತಂದ ಸುದ್ದಿ ದಾರಿಯಲ್ಲೇ ಹಳಸಿಹೋಗಿತ್ತು. ಸಾರು ಹಳಸಿದ ಹಾಗೆ, ಪಾತ್ರೆ ಮುಚ್ಚಿದ್ರೂ.

ನನಗೆ ಈ ಇಡೀ ಕಥೆಯಲ್ಲಿ ಮನಸ್ಸಿಗೆ ನಾಟೋದು ಈ ಗಳಿಗೆ. ಎದುರಿಗೇ, ಬೆಳಗಿನ ಬಿಸಿಲಲ್ಲಿ, ಹಸಿರು ಬಟ್ಟೆಯಲ್ಲಿ ನಿಜ ಸುದ್ದಿ ನಿಂತಿದೆ. ಏನೂ ಬಚ್ಚಿಟ್ಟಿಲ್ಲ. ನಂಬಿದ್ದು ಮಾತ್ರ ಗುಟ್ಟಾಗಿ ಬಂದದ್ದನ್ನ. ಗುಟ್ಟು ಅಂದ ಕೂಡಲೇ ಅದು ನಿಜ ಇರಬೇಕು ಅನ್ನೋ ಭಾವನೆ ನಮಗೆಲ್ಲ ಇದೆ ಅಲ್ವಾ? ‘ಯಾರಿಗೂ ಹೇಳ್ಬೇಡ’ ಅಂತ ಬಂದ ಫಾರ್ವರ್ಡ್‌ಗೆ ಇರೋ ಬೆಲೆ ಪೇಪರ್‌ನ ಹೆಡ್‌ಲೈನ್‌ಗೆ ಇರಲ್ಲ.

ಮಾರ್ಚ್ 6ರ ಬೆಳಿಗ್ಗೆ ಟಿಪ್ಪುವಿನ ಸೈನ್ಯ ಕಾಡಿನೊಳಗಿಂದ ಹಿಂದೂ ಮುಂದೂ ಸುತ್ತುವರಿದು ಎರಗಿತು. ಮೂರು ಪಟಾಲಮ್ ಮಧ್ಯಾಹ್ನ ದಾಟೋವರೆಗೆ ಹೇಗೋ ತಡ್ಕೊಂಡವು. ಸ್ಟುವರ್ಟ್ ಸಹಾಯಕ್ಕೆ ಬಂದಮೇಲೆ ಟಿಪ್ಪು ಹಿಂದಕ್ಕೆ ಸರಿದ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಆ ಇಬ್ಬರು ಹರಿಕಾರರು ಸ್ಟುವರ್ಟ್‌ನ ವರದಿಯಲ್ಲಿ ಬರೀ ಇಬ್ಬರು ಹರಿಕಾರರು.

ಮೈಸೂರಿನ ಅಂಚೆ ಆಮೇಲೂ ತುಂಬಾ ಕಾಲ ನಡೀತು. 1889ರಲ್ಲಿ ಅದನ್ನ ಬ್ರಿಟಿಷ್ ಇಂಡಿಯಾದ ಪೋಸ್ಟಿನ ಜೊತೆ ಸೇರಿಸಿದ್ರು. ಪದ ನಮ್ಮ ಹತ್ರ ಉಳೀತು. ಮುಂದಿನ ಸಲ ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆ ಕಡೆ ಹೋಗೋವಾಗ ಎಡಗಡೆ, ದಕ್ಷಿಣಕ್ಕೆ, ಕೊಡಗಿನ ಗುಡ್ಡದ ಸಾಲು ನೋಡಿ. ಅವರು ಆ ಕಡೆಯಿಂದಲೇ ಈ ಕಡೆಗೆ ನೋಡಿದ್ದು.

ಚಿಕ್ಕಮ್ಮ, ನೀನು ಕೇಳ್ತಾ ಇದ್ದೀಯ ಅಂತ ಗೊತ್ತು. ಈ ಭಾನುವಾರ ನಿಮ್ಮ ಮನೆಗೆ ಬರ್ತೀನಿ. ಬಯ್ಯೋದಿದ್ರೆ ಆಗ ಬಯ್ಯಿ. ಚಿಕ್ಕಪ್ಪನಿಗೆ ಈ ಕಂತು ನಾನಂತೂ ಕಳಿಸಿಲ್ಲ.